ಓದುವುದರೊಳಗೆ ಓಡಿಹೋದ ಪುಟ



ಕಮಲಾಪುರದ ತಾಯಿಯೊಬ್ಬರು 19 ವರ್ಷದ ಮಗನೊಡನೆ ಕಲಬುರಗಿಯ ನಮ್ಮ ಗುರುನಿವಾಸಕ್ಕೆ ಬಂದಿದ್ದರು. ಚೀಲದಲ್ಲಿ ಊರಿನ ಕೆಂಪು ಬಾಳೆಹಣ್ಣು. ಮಗನು ನಿಧಾನವಾಗಿ ಕಲಿಯುವವನು. ಸಣ್ಣ ವಾಕ್ಯ ಓದುತ್ತಾನೆ, ಹೆಸರು ಬರೆಯುತ್ತಾನೆ. ಒಂದು ತರಬೇತಿಗೆ ಅರ್ಜಿ ಹಾಕಬೇಕಿತ್ತು, ಅದೂ ವೆಬ್‌ಸೈಟಿನಲ್ಲಿ ಮಾತ್ರ. ತಾನೇ ತುಂಬುವೆನೆಂದು ಹುಡುಗನ ಹಟ. ಅರ್ಧಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂದು ಪುಟ ಮಾಯವಾಯಿತು, ಬರೆದದ್ದೆಲ್ಲ ಅಳಿಸಿತು. “ಫಾದರ್, ನಾ ಓದೂದ್ರೊಳಗ ಅದು ಓಡಿಹೋಯ್ತರಿ” ಎಂದ. ಮೂರನೆಯ ಸಲ ನಾನೇ ತುಂಬಿಬಿಟ್ಟೆ. ಅವನು ಮುಖ ತಿರುಗಿಸಿ ಕುಳಿತ.

ಬಾರ್ತಿಮಾಯನು ಕುರುಡನೆಂಬುದು ಜೆರಿಕೋವಿನ ದಾರಿಯಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಪ್ರಭು ಯೇಸು, ನಿನಗೇನಾಗಬೇಕೆಂದು ಅವನನ್ನೇ ಕೇಳಿದರು (ಮಾರ್ಕ 10:51). ನಾನು ಕೇಳಲಿಲ್ಲ. ‘ಬುದ್ಧಿಮಾಂದ್ಯ’ ಎಂಬ ಮಾತನ್ನು ಬಲಿಪೀಠದ ಬಳಿ ನಿಂತು ನಾನೂ ಆಡಿದ್ದುಂಟು, ಬಿಡಬೇಕಾದ ಮಾತದು.

ನಮ್ಮ ಹಿರಿಯರು ಲತೀನ್ ಪೂಜೆಯ ಹೊತ್ತಿನಲ್ಲಿ ಜಪಸರ ಹಿಡಿದು ಕೂರುತ್ತಿದ್ದರು. ಅವರು ದಡ್ಡರಾಗಿದ್ದರೇ? ಇಲ್ಲ, ಭಾಷೆ ದೂರದ್ದಾಗಿತ್ತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಬದಲಾದದ್ದು ಪೂಜೆಯ ಮಾತು, ಭಕ್ತರ ಬುದ್ಧಿಯಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕೆಯ ತೊಡಕನ್ನೂ ಬೌದ್ಧಿಕ ತೊಡಕನ್ನೂ ಹೆಸರಿಸಿ ಸೇರಿಸಿದೆ. ಇಂತಹ ಡಿಜಿಟಲ್ ಸೇವೆಗಳು ಎಲ್ಲರ ಕೈಗೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಅಂತರ್ಜಾಲದ ಮಾನದಂಡ ರೂಪಿಸುವ ಡಬ್ಲ್ಯೂ-ತ್ರೀ-ಸಿ ಸಂಸ್ಥೆ 2021ರಲ್ಲೇ ಇದಕ್ಕೆ ಕೈಪಿಡಿ ಹೊರತಂದಿದೆ. ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಯುವಕರು ಅದನ್ನು ಓದಬೇಕು. ಅದರಲ್ಲಿ ಪವಾಡವೇನಿಲ್ಲ: ಚಿಕ್ಕ ವಾಕ್ಯ, ಬಳಕೆಯ ಪದ, ತಪ್ಪಿದರೆ ತಿದ್ದಲು ದಾರಿ, ಬರೆದದ್ದು ಅಳಿಯದಂತೆ ಉಳಿತಾಯ, ನೆನಪಿನ ಶಕ್ತಿಯನ್ನು ಪರೀಕ್ಷಿಸದ ಪಾಸ್‌ವರ್ಡ್, ಬೇಕಾದಾಗ ಮಾತಾಡಲು ಒಬ್ಬ ಮನುಷ್ಯ.

ಆಮೇಲೆ ನಮ್ಮ ಧರ್ಮಕೇಂದ್ರದ ಬೇಸಿಗೆ ಶಿಬಿರದ ಅರ್ಜಿಯನ್ನೇ ತೆರೆದು ನೋಡಿದೆ. ಬೇರೆಯವರನ್ನು ದೂರಲು ಬಾಯಿಲ್ಲದಂತಾಯಿತು! ಒಂದೊಂದು ವಾಕ್ಯವೂ ಮೊಳದುದ್ದ. ತಿದ್ದಿ, ಅದೇ ಹುಡುಗನನ್ನು ಕರೆಸಿ, ಪಕ್ಕದಲ್ಲಿ ಸುಮ್ಮನೆ ಕುಳಿತೆ. ನಲವತ್ತು ನಿಮಿಷ ಹಿಡಿಯಿತು. ಕಡೆಯ ಗುಂಡಿಯ ಹತ್ತಿರ ಬೆರಳು ನಿಂತಿತು. ಅಲ್ಲಿ ‘ದೃಢೀಕರಿಸಿ’ ಎಂದಿತ್ತು.

“ಫಾದರ್, ನನಗ ದೃಢೀಕರಣ ಹೋದ ವರ್ಷನೇ ಆಗ್ಯಾದಲ್ರಿ, ಮತ್ತ್ಯಾಕರಿ?”

ಈಗ ಅಲ್ಲಿ ‘ಕಳಿಸು’ ಎಂದಿದೆ.