ಟಿಕೀಟಿನ ಹಣ

ಅಫಜಲಪುರದ ಕಡೆಯ ಜಾತ್ರೆಯೊಂದರಲ್ಲಿ ಸಹಾಯಾರ್ಥ ನಾಟಕಕ್ಕೆ ಟಿಕೀಟು ಕೊಂಡಾಗ ಜೊತೆಗಿದ್ದ ಗೆಳೆಯರು, "ಇದೆಂಥ ದಾನ? ಹಾಡು ಕೇಳುತ್ತೇವೆ, ಹಣ ಕೊಡುತ್ತೇವೆ; ಲೆಕ್ಕ ತೀರಿತು" ಎಂದರು. ನನಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಅಲ್ಲಿ ಅಂಧ ಮಕ್ಕಳಿಗೆ ಅನ್ನವಿಕ್ಕಿ ಸಂಗೀತ ಕಲಿಸಿದ ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡರು. ಆಮೇಲೆ 2010ರವರೆಗೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಇಬ್ಬರೂ ಕಣ್ಣಿಲ್ಲದವರೇ. ಆಶ್ರಮದ ನಾಟಕ ಕಂಪನಿಯ ಗಳಿಕೆ ಮಕ್ಕಳ ರೊಟ್ಟಿಯಾಯಿತು.

ನನ್ನ ಅಳುಕು ಬೇರೆ. ರೊಟ್ಟಿಗಾಗಿ ಹಾಡುವ ಹುಡುಗ ಶಿಷ್ಯನೊ, ಕೂಲಿಯೊ? ದುಡಿಸಿದವರು ವಿದ್ಯೆಯನ್ನೂ ಕೊಟ್ಟರೆ ಎಂದು ನೋಡಬೇಕು. ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಗುರುವಿನಿಂದ ಅವರು ಒಯ್ದದ್ದು ಕೂಲಿಯಲ್ಲ.

ಆಳಂದ, ಜೇವರ್ಗಿಗಳಲ್ಲಿ ಪೇಟಿ, ತಬಲಾ, ಮೈಕು ಬಾಡಿಗೆಗೆ ಕೊಡುವವರನ್ನು ನಾನು ಕೇಳುವುದಿಷ್ಟೆ: ಜಾತ್ರೆ ಮುಗಿದು ಸುಮ್ಮನೆ ಕೂತ ಪೇಟಿಯನ್ನು ಬಡಹುಡುಗನೊಬ್ಬನ ಮುಂದಿಟ್ಟು, ಸಂಜೆ ಒಂದು ತಾಸು ಬೆರಳಿಡಲು ಕಲಿಸಬಾರದೆ?