ಈ ವಯಸ್ಸಿನಲ್ಲಿ ಯಾಕೆ?

ಐವತ್ತು ದಾಟಿದವಳು ಸಂದರ್ಶನಕ್ಕೆ ಹೊರಡುವ ಪಾಡು ವಧುಪರೀಕ್ಷೆಗೆ ಕೂರುವ ಹುಡುಗಿಯ ಪಾಡಿಗಿಂತ ಬೇರೆಯಲ್ಲ. ಯಾವ ಸೀರೆ ಉಡಲಿ, ನರೆತ ಕೂದಲಿಗೆ ಬಣ್ಣ ಹಚ್ಚಲೋ ಬೇಡವೋ! ಹಚ್ಚದೆಯೇ ಹೊರಟೆ.

ಇಪ್ಪತ್ತಾರು ವರ್ಷ ಪಾಠ ಹೇಳಿದ ಖಾಸಗಿ ಶಾಲೆ ಮಕ್ಕಳಿಲ್ಲದೆ ಮುಚ್ಚಿತ್ತು. ಅನುದಾನವಿಲ್ಲದ ಶಾಲೆ, ಪಿಂಚಣಿಯಿಲ್ಲ. ಶೃಂಗೇರಿ ಸೀಮೆಯ ಎಷ್ಟೋ ತೋಟಗಳಂತೆ ನಮ್ಮದಕ್ಕೂ ಹಳದಿ ಎಲೆ ರೋಗ ಹೊಕ್ಕಿದೆ. ಅಡಿಕೆಯನ್ನು ನಂಬಿ ಕೂರುವ ಹಾಗಿಲ್ಲ. ಸರ್ಕಾರಿ ನೇಮಕಾತಿಯ ವಯೋಮಿತಿ ಎಂದೋ ಮುಗಿದಿತ್ತು. ಹಾಗಾಗಿ ಪಕ್ಕದ ತಾಲೂಕಿನ ಒಂದು ಶಾಲೆಗೆ ಅರ್ಜಿ ಹಾಕಿದೆ.

ಜಗಲಿಯ ಬೆಂಚಿನಲ್ಲಿ ಆಗಷ್ಟೇ ಬಿ.ಎಡ್. ಮುಗಿಸಿದ ಹುಡುಗಿಯೊಬ್ಬಳಿದ್ದಳು. ನನ್ನನ್ನು ಕಂಡು ಎದ್ದು ನಿಂತು, "ಮೇಡಂ, ಇಂಟರ್‌ವ್ಯೂ ಮಾಡುವವರು ನೀವೇನಾ?" ಎಂದಳು. "ಇಲ್ಲಮ್ಮ, ನಾನೂ ನಿನ್ನ ಹಾಗೇ ಬಂದವಳು" ಎಂದೆ. ಇಬ್ಬರೂ ನಕ್ಕೆವು. ಮರುಗಳಿಗೆ ನಗು ನಿಂತಿತು. ಇದ್ದದ್ದು ಒಂದೇ ಹುದ್ದೆ.

ಒಳಗೆ ನನ್ನ ಮಗನ ವಯಸ್ಸಿನ ಆಡಳಿತಾಧಿಕಾರಿ ಅರ್ಜಿ ತಿರುವಿ, ಮರ್ಯಾದೆಯಿಂದಲೇ ಕೇಳಿದರು: "ಈ ವಯಸ್ಸಿನಲ್ಲಿ ಯಾಕೆ ಮೇಡಂ?"

ಪಾಠದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ! ಸಿಟ್ಟು ಬಂತು. ಅದರ ಬೆನ್ನಿಗೇ ಒಂದು ನೆನಪೂ ಬಂತು. ಹದಿನೈದು ವರ್ಷದ ಹಿಂದೆ ಮೇಜಿನ ಆ ಬದಿಯಲ್ಲಿ ಕೂತವಳು ನಾನು. ವಯಸ್ಸಾದ ವಿಧವೆಯೊಬ್ಬರಿಗೆ, "ದಿನಾ ಓಡಾಡೋದು ನಿಮಗೆ ಕಷ್ಟ ಆಗಲ್ವಾ?" ಎಂದು ಕನಿಕರದಿಂದ ಕೇಳಿ, ಅವರು ಹೊರಗೆ ಹೋದ ಮೇಲೆ ಹೆಸರಿನ ಮೇಲೆ ಗೀಟು ಎಳೆದಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಹಾಗಾದರೆ ಅನುಭವಕ್ಕೆ ಏನು ಹಕ್ಕಿದೆ? ಒಂದೇ ಪಾಠವನ್ನು ಇಪ್ಪತ್ತಾರು ಸಲ ಒಪ್ಪಿಸಿದ್ದೂ ಅನುಭವದ ಲೆಕ್ಕಕ್ಕೇ ಬರುತ್ತದಲ್ಲ! 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಹಳೆಯ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂದಾಗ ನನ್ನ ಗೆಳತಿಯರು ಕಂಗಾಲಾದರು. ನನಗೆ ಪರೀಕ್ಷೆ ಅವಮಾನ ಅನ್ನಿಸಲಿಲ್ಲ. ಪರೀಕ್ಷೆಯನ್ನೇ ಮಾಡದೆ ಹುಟ್ಟಿದ ತಾರೀಖು ನೋಡಿ ತೀರ್ಮಾನಿಸುವುದು ಅವಮಾನ. ಸರ್ಕಾರಿ ಕೆಲಸದಲ್ಲಿ ಜಾತಿ, ಧರ್ಮ, ಲಿಂಗಗಳ ಭೇದ ಕೂಡದೆನ್ನುವ ಸಂವಿಧಾನದ 16ನೆಯ ವಿಧಿಯ ಪಟ್ಟಿಯಲ್ಲೂ ವಯಸ್ಸಿಲ್ಲ. ಕಾನೂನು ಕೇಳದಿದ್ದರೆ ನಮ್ಮ ಮನಸ್ಸಾದರೂ ಕೇಳಬೇಡವೇ?

ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಮಂಡನಮಿಶ್ರರಿಗೂ ಎಳೆಯ ಸಂನ್ಯಾಸಿ ಶಂಕರರಿಗೂ ವಾದ ನಡೆದಾಗ ತೀರ್ಪು ಹೇಳಬೇಕಾದವಳು ಮಂಡನರ ಹೆಂಡತಿ ಉಭಯಭಾರತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರದು ಬಾಡುವುದೋ ಅವರು ಸೋತಂತೆ ಎಂದಳಂತೆ. ಬಾಡಿದ್ದು ಗಂಡನದು. ಗಂಡನೆಂದಾಗಲಿ ಹಿರಿಯನೆಂದಾಗಲಿ ಅವಳು ಮುಲಾಜು ನೋಡಲಿಲ್ಲ. ಎದುರಿನವನು ಹುಡುಗನೆಂದು ತಳ್ಳಿಹಾಕಲೂ ಇಲ್ಲ. ಸೋತ ಮಂಡನರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿ ಪೀಠದಲ್ಲಿ ಕೂತರು ಎನ್ನುತ್ತಾರೆ.

ಆ ದಿನ ನಾನು ಹೇಳಿದ್ದು ಇಷ್ಟೆ: "ಸಂಬಳ ಬೇಕು ಸಾರ್, ಅದಕ್ಕೇ ಬಂದೆ. ಪಾಠ ಬರುತ್ತದೋ ಇಲ್ಲವೋ, ಒಂದು ತರಗತಿಗೆ ಕಳಿಸಿ ನೋಡಿ. ಆ ಹುಡುಗಿಯನ್ನೂ ಕಳಿಸಿ."

ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ನನ್ನ ಪಾಠವಾದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಅವಳದನ್ನೂ ಕೇಳಿದೆ. ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. ಆದರೂ ಬಾಯಿಬಿಡದ ಮಗುವೊಂದನ್ನು ಮೂರನೆಯ ಪ್ರಶ್ನೆಗೆ ಮಾತಾಡಿಸಿಬಿಟ್ಟಳು. ನಾನು ಆ ಮಗುವನ್ನು ಗಮನಿಸಿಯೇ ಇರಲಿಲ್ಲ.

ಕೆಲಸ ಅವಳಿಗಾಯಿತು. ಅವಳಿಗೆ ಕಡಿಮೆ ಸಂಬಳ ಸಾಕೆಂಬ ಲೆಕ್ಕವೂ ಅದರಲ್ಲಿ ಇದ್ದೀತು. ನಾನು ಇನ್ನೊಂದು ಶಾಲೆಗೆ ಅರ್ಜಿ ಬರೆಯುತ್ತಿದ್ದೇನೆ. ಸೋತ ಬೇಸರ ಇಲ್ಲವೆಂದಲ್ಲ. ಆದರೆ ನನಗೆ ಸಿಕ್ಕ ಆ ಅರ್ಧ ಗಂಟೆಯನ್ನು ಅಂದು ಆ ವಿಧವೆಗೆ ನಾನು ಕೊಡಲಿಲ್ಲವಲ್ಲ, ಅದು ಹೆಚ್ಚು ನೋಯಿಸುತ್ತದೆ.