ಗಾಜಿನ ಆಚೆಯ ಚಳಿ

ಬೀದರ್ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು. ಬೆಂಗಳೂರಿನ ಗೆಳೆಯರು ನಮ್ಮನ್ನು ಕಂಡಾಗಲೆಲ್ಲ 'ನಿಮ್ಮ ಕಡೆ ಸೆಖೆ ಹೇಗಿದೆ?' ಎಂದೇ ಮಾತು ಆರಂಭಿಸುತ್ತಾರೆ. ನಮ್ಮೂರು ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿದೆ, ಡಿಸೆಂಬರ್-ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ ಎಂದರೆ ಅವರು ನಂಬುವುದಿಲ್ಲ. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಪೆಟ್ಟಿಗೆಯ ತಳದಿಂದ ರಝಾಯಿಗಳು ಮೇಲೆ ಬರುತ್ತವೆ. ಫಜ್ರ್ ನಮಾಝಿಗೆ ಎದ್ದವರು ನಲ್ಲಿಯ ನೀರಿಗೆ ಕೈಯೊಡ್ಡುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ.

ಇಂಥದೇ ಒಂದು ಚಳಿಯ ರಾತ್ರಿ ನಮ್ಮ ಸಂಬಂಧಿಕರ ಹುಡುಗನೊಬ್ಬ ಹೈದರಾಬಾದಿನಿಂದ ಮದುವೆಗೆಂದು ಬಂದಿದ್ದ. ಕಂಪ್ಯೂಟರ್ ಕಂಪನಿಯಲ್ಲಿ ಒಳ್ಳೆಯ ಸಂಬಳದ ಕೆಲಸ, ಹೊಸ ಹೈಬ್ರಿಡ್ ಕಾರು. ಅದೇ ಕಾರಿನಲ್ಲಿ ಗೆಳೆಯನೊಬ್ಬನೊಡನೆ ಮನಾಲಿಯಿಂದಾಚೆ ಲಾಹುಲ್ ಕಣಿವೆಯವರೆಗೆ ಹೋಗಿ, ಬೆಟ್ಟದ ಬುಡದಲ್ಲಿ ಸೀಟು ಮಡಚಿ ಹಾಸಿಗೆ ಹಾಸಿ ಎರಡು ರಾತ್ರಿ ಮಲಗಿದ್ದನಂತೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಳಗೆ ಬೆಚ್ಚಗೆ. ಅದು ಹೇಗೆಂದು ನಾವು ಕೇಳಿದೆವು. ಸಾಮಾನ್ಯ ಕಾರಿನಲ್ಲಿ ಹೀಟರ್ ಬೇಕೆಂದರೆ ರಾತ್ರಿಯಿಡೀ ಇಂಜಿನ್ ಓಡುತ್ತಲೇ ಇರಬೇಕು. ಹೈಬ್ರಿಡ್ ಕಾರಿನಲ್ಲಿ ದೊಡ್ಡ ಬ್ಯಾಟರಿ ಇರುತ್ತದೆ. ಅದರ ಶಕ್ತಿ ಇಳಿದಾಗ, ಇಲ್ಲವೇ ಹೀಟರಿಗೆ ಬಿಸಿ ಸಾಲದಾದಾಗ ಪೆಟ್ರೋಲ್ ಇಂಜಿನ್ ತಾನಾಗಿಯೇ ಎದ್ದು ಕೆಲವು ನಿಮಿಷ ಓಡಿ, ಮತ್ತೆ ತಾನಾಗಿಯೇ ನಿಲ್ಲುತ್ತದೆ.

'ಅಂಕಲ್, ನಾವು ಮಲಗಿದ್ದೆವು, ಕಾರು ಎಚ್ಚರ ಇತ್ತು' ಎಂದು ಹುಡುಗ ನಕ್ಕ.

ಹಿರಿಯರೆಂಬ ಕಾರಣಕ್ಕೆ ನಾವು ಎಚ್ಚರಿಕೆಯ ಮಾತನ್ನೂ ಹೇಳಿದೆವು. ಹೈಬ್ರಿಡ್ ಆದರೂ ಅದರೊಳಗಿರುವುದು ಪೆಟ್ರೋಲ್ ಇಂಜಿನ್ನೇ, ಹೊಗೆ ಹೊಗೆಯೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡ ವಾಹನಗಳೊಳಗೆ ಮಕ್ಕಳೂ ಸೇರಿ 20ಕ್ಕೂ ಹೆಚ್ಚು ಪ್ರವಾಸಿಗರು ತೀರಿಕೊಂಡರು. ಚಳಿ ಮಾತ್ರವಲ್ಲ, ಬಿಸಿಗಾಗಿ ಚಾಲೂ ಇಟ್ಟ ಇಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಕೂಡ ಅವರ ಜೀವ ತೆಗೆದಿರಬಹುದೆಂದು ಆಗ ವರದಿಯಾಗಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಗಿಲು ಮುಚ್ಚಿ ಇದ್ದಿಲಿನ ಸಿಗಡಿ ಇಟ್ಟುಕೊಂಡು ಮಲಗಿದವರನ್ನು ಕೊಲ್ಲುವುದೂ ಇದೇ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟಿದ್ದ, ಹೊಗೆಕೊಳವೆಗೆ ಅಡ್ಡಿಯಿಲ್ಲದಂತೆ ನೋಡಿಕೊಂಡಿದ್ದ, ವಿಷಾನಿಲ ತಿಳಿಸುವ ಸಣ್ಣ ಯಂತ್ರವನ್ನೂ ಇಟ್ಟುಕೊಂಡಿದ್ದ. ನಮಗೆ ಸಮಾಧಾನವಾಯಿತು. ಆದರೆ ಅವನು ನಗುತ್ತ ಆಡಿದ ಆ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ನಾವು ಮಲಗಿರುವಾಗ ಯಾರು ಎಚ್ಚರವಿರುತ್ತಾರೆ?

ಕೆಲವು ವರ್ಷಗಳ ಹಿಂದಿನ ಮಾತು. ಔರಾದಿನಲ್ಲಿ ಹತ್ತಿರದವರ ನಿಕಾಹ್ ಇತ್ತು. ಬೀದರಿನಿಂದ ಬಾಡಿಗೆ ಜೀಪು ಮಾಡಿಕೊಂಡು ಹೊರಟೆವು. ಮಾಂಜ್ರಾ ನದಿ ದಾಟುವಾಗಲೇ ಗಾಳಿ ಮುಖಕ್ಕೆ ಚುಚ್ಚುತ್ತಿತ್ತು. ಊಟವಾಯಿತು, ಹರಟೆಯಾಯಿತು. ರಾತ್ರಿ ಹನ್ನೊಂದಕ್ಕೆ ಮನೆಯವರು ಕೋಣೆ ತೋರಿಸಿದರು. ಗೋಡೆಯಿಂದ ಗೋಡೆಗೆ ಹಾಸಿದ್ದ ಗಾದಿಗಳ ಮೇಲೆ ಹತ್ತು ಜನ ರಝಾಯಿ ಹೊದ್ದು ಮಲಗಿದೆವು. ಬೆಳಗಿನ ಜಾವ ಮಸೀದಿಗೆಂದು ಹೊರಗೆ ಬಂದಾಗ ಜೀಪಿನ ಗಾಜುಗಳೆಲ್ಲ ಒಳಗಿನಿಂದ ಮಂಜುಗಟ್ಟಿದಂತೆ ಬೆಳ್ಳಗಾಗಿದ್ದವು. ಹತ್ತಿರ ಹೋದಾಗ ಒಳಗಿನಿಂದ ಒಂದು ಕೈ ಗಾಜನ್ನು ಒರೆಸಿತು. ಡ್ರೈವರ್! ಮುಂದಿನ ಎರಡು ಸೀಟುಗಳ ಮೇಲೆ ಮೊಣಕಾಲು ಎದೆಗೆ ಹಚ್ಚಿ, ತಲೆಗೆ ಟವೆಲ್ ಸುತ್ತಿಕೊಂಡು ಅವನು ರಾತ್ರಿ ಕಳೆದಿದ್ದ. ಗಾಜಿನ ಮೇಲಿದ್ದದ್ದು ಅವನ ಉಸಿರು.

'ಹೀಟರ್ ಹಚ್ಚಿಕೊಳ್ಳಬಾರದಿತ್ತೇ?' ಎಂದೆವು.

'ಡೀಸೆಲ್ ಮಾಲೀಕರದು ಸಾಬ್. ನಮಗ ರೂಢಿ ಅದಾರಿ' ಎಂದ.

ಅವನ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತೋ ಏನೋ. ರಾತ್ರಿ ಅವನಿಗೆ ಊಟ ಕೊಟ್ಟಿದ್ದೇವೆಯೇ ಎಂದು ನಾವು ವಿಚಾರಿಸಿದ್ದೆವು. ಅಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆವು. ಹಸಿವು ನಮಗೆ ಹೊಳೆದಿತ್ತು, ಚಳಿ ಹೊಳೆದಿರಲಿಲ್ಲ.

ಈಗ ಈ ಎರಡು ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಯೊಂದು ಏಳುತ್ತದೆ. ಇಬ್ಬರೂ ವಾಹನದ ಸೀಟಿನ ಮೇಲೆಯೇ ಮಲಗಿದವರು, ಇಬ್ಬರ ಹೊರಗೂ ಚಳಿಯೇ. ಒಬ್ಬನದನ್ನು ನಾವು ಸಾಹಸ ಎನ್ನುತ್ತೇವೆ, ಇನ್ನೊಬ್ಬನದನ್ನು ರೂಢಿ ಎನ್ನುತ್ತೇವೆ. ವ್ಯತ್ಯಾಸ ಇರುವುದು ಹೀಟರಿನಲ್ಲೇ? ಹಾಗೆನಿಸುವುದಿಲ್ಲ. ಹುಡುಗನ ಹೀಟರ್ ಕೆಟ್ಟಿದ್ದರೂ ಅವನು ಕೀಲಿ ತಿರುಗಿಸಿ ಕಣಿವೆಯಿಂದ ಇಳಿದು ಬರಬಹುದಿತ್ತು. ಡ್ರೈವರನ ಕೈಯಲ್ಲೂ ಕೀಲಿ ಇತ್ತು, ಆದರೆ ಅದನ್ನು ತಿರುಗಿಸುವ ಅಧಿಕಾರ ಇರಲಿಲ್ಲ. ಚಳಿಯನ್ನು ಆರಿಸಿಕೊಂಡವನು ಅದರಿಂದ ಹೊರಬರುವ ಬಾಗಿಲನ್ನೂ ಇಟ್ಟುಕೊಂಡಿರುತ್ತಾನೆ. ಚಳಿಗೆ ನೇಮಕಗೊಂಡವನಿಗೆ ಆ ಬಾಗಿಲು ಇಲ್ಲ.

ಹಾಗೆಂದು ಹುಡುಗನ ಪ್ರವಾಸ ತಪ್ಪೆಂದು ನಾವು ಹೇಳುತ್ತಿಲ್ಲ. ದುಡಿದ ಹಣದಲ್ಲಿ ಬೆಟ್ಟ ನೋಡಿ ಬಂದವನ ಮೇಲೆ ಅಪರಾಧ ಹೊರಿಸುವುದು ಸುಲಭದ ಧರ್ಮಬೋಧೆ. ಕಾರು ರಾತ್ರಿಯಿಡೀ ಎಚ್ಚರವಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಮನುಷ್ಯನೊಬ್ಬ ಮಾಡಬೇಕಿದ್ದ ಕಾವಲನ್ನು ಯಂತ್ರ ಮಾಡಿತು. ಆದರೆ ಯಂತ್ರದ ಕಾವಲಿಗೆ ನಾವು ಯಾವ ಋಣವನ್ನೂ ಹೊರಬೇಕಿಲ್ಲ. ಆ ಅಭ್ಯಾಸ ಬೆಳೆದು, ಮನುಷ್ಯನ ಕಾವಲನ್ನೂ ಹಾಗೆಯೇ ಕಾಣತೊಡಗಿದರೆ ಕಷ್ಟ. ಅದಕ್ಕೆ ಹೈಬ್ರಿಡ್ ಕಾರು ಬರಬೇಕಾಗಿರಲಿಲ್ಲ ಎಂಬುದಕ್ಕೆ ಔರಾದಿನ ಆ ರಾತ್ರಿಯ ನಾವೇ ಸಾಕ್ಷಿ.

'ಸಂಬಳ ಕೊಡುತ್ತೇವಲ್ಲ' ಎನ್ನುವವರಿದ್ದಾರೆ. ಸಂಬಳ ಗಾಡಿ ಓಡಿಸಿದ್ದಕ್ಕೆ. ನಡುಗಿದ್ದಕ್ಕೆ ಯಾವ ದರಪಟ್ಟಿಯಲ್ಲೂ ಬೆಲೆ ಬರೆದಿಲ್ಲ. 'ಅವರಿಗೆ ರೂಢಿಯಾಗಿದೆ' ಎನ್ನುವವರೂ ಇದ್ದಾರೆ. ರೂಢಿ ನಾಲಿಗೆಗೆ ಆಗುತ್ತದೆ, ದೇಹಕ್ಕೆ ಆಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿಯ ರಸ್ತೆಗಳಲ್ಲಿ ರಾತ್ರಿ ಓಡಾಡಿದವರಿಗೆ ಇದು ಗೊತ್ತು. ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿರುತ್ತವೆ, ಟ್ರೇಲರಿನ ಕೆಳಗೆ ತಾಡಪತ್ರಿ ಹೊದ್ದವರು ಮಲಗಿರುತ್ತಾರೆ. ಪ್ರತಿ ವರ್ಷ ಬರುವವರಾದರೂ ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುವುದನ್ನು ಅವರು ಬಿಟ್ಟಿಲ್ಲ.

ನಮ್ಮೂರಿನ ಮಹಮೂದ್ ಗವಾನನ ನೆನಪಾಗುತ್ತದೆ. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಅವನು 1472ರಲ್ಲಿ ಕಟ್ಟಿಸಿದ ಮದ್ರಸಾವನ್ನು ನೋಡಲು ಬರುವವರು ಮಿನಾರಿನ ಬಣ್ಣದ ಹೆಂಚುಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಒಳಗೆ ವಿದ್ಯಾರ್ಥಿಗಳೂ ಗುರುಗಳೂ ಉಳಿದುಕೊಳ್ಳಲು ಮಾಡಿದ ಕೋಣೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟೊಂದು ಜನರ ಸೂರಿನ ಬಗ್ಗೆ ಯೋಚಿಸಿದ ಆ ಮನುಷ್ಯ ತಾನು ಮಾತ್ರ ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಮಾಡಿದ ಅಡಿಗೆ ಉಣ್ಣುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ಅವನೂ ಕಷ್ಟವನ್ನು ಆರಿಸಿಕೊಂಡವನೇ. ಆದರೆ ತಾನು ಆರಿಸಿಕೊಂಡದ್ದನ್ನು ಇತರರ ಮೇಲೆ ಹೊರಿಸಲಿಲ್ಲ. ಚಾಪೆ ತನಗೆ, ಕೋಣೆ ಇತರರಿಗೆ. ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ.

ಕಾನೂನು ಇಲ್ಲಿ ಸ್ವಲ್ಪ ಮಾಡಬಲ್ಲದು. ತಮಿಳುನಾಡು ಸರಕಾರ 2023ರಲ್ಲಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲು ಲಾಡ್ಜುಗಳು ಅತಿಥಿಗಳ ಚಾಲಕರಿಗೆ ಮಲಗುವ ವ್ಯವಸ್ಥೆ ಮಾಡಬೇಕೆಂದು ಹೇಳಿತು. ಒಳ್ಳೆಯ ಕೆಲಸ. ಆದರೆ ಮದುವೆ ಮನೆ ಹೋಟೆಲಲ್ಲ. ಅಲ್ಲಿಗೆ ತಪಾಸಣೆಗೆ ಯಾರೂ ಬರುವುದಿಲ್ಲ. ಅಲ್ಲಿ ಇರುವುದು ನಾವೇ.

ಮೊನ್ನೆಯ ಮದುವೆಯ ವಲೀಮಾ ಭಾಲ್ಕಿಯಲ್ಲಿತ್ತು. ನೆಂಟರನ್ನು ಕರೆತಂದ ಬಾಡಿಗೆ ಗಾಡಿಯ ಡ್ರೈವರನ ಬಳಿಗೆ ರಾತ್ರಿ ಹೈದರಾಬಾದಿನ ಹುಡುಗನನ್ನು ಕರೆದುಕೊಂಡು ಹೋದೆವು. ಒಳಗೆ ಬಂದು ಮಲಗಪ್ಪಾ ಎಂದೆವು. ಗಾಡಿ ಬಿಟ್ಟು ಬರಲು ಅವನು ಒಪ್ಪಲಿಲ್ಲ, ಏನಾದರೂ ಕಳವಾದರೆ ತಾನೇ ಕಟ್ಟಿಕೊಡಬೇಕು ಎಂದ. ಹುಡುಗ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಒಳಗೆ ಹೋಗಿ ತಾನು ಹೊದೆಯಬೇಕಿದ್ದ ರಝಾಯಿಯನ್ನು ತಂದು ಕೊಟ್ಟ. ಬೆಟ್ಟದ ಚಳಿ ಅವನಿಗೆ ಏನನ್ನೋ ಕಲಿಸಿತ್ತು.

ಬೆಳಿಗ್ಗೆ ಡ್ರೈವರ್ ರಝಾಯಿಯನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದು ಬಾಗಿಲಲ್ಲಿ ನಿಂತ. ಅದನ್ನು ತೆಗೆದುಕೊಳ್ಳುವಾಗ ನಮಗೆ ಸಂತೋಷವಾಯಿತು. ಕೊಟ್ಟೆವೆಂಬ ಸಂತೋಷ ಎಷ್ಟು ಬೇಗ ಬರುತ್ತದೆಂದು ಮರುಗಳಿಗೆ ನಾಚಿಕೆಯೂ ಆಯಿತು. ಏಕೆಂದರೆ ರಝಾಯಿ ಮರಳಿ ನಮ್ಮ ಪೆಟ್ಟಿಗೆ ಸೇರಿತು, ಅವನು ಮರಳಿ ಅದೇ ಸೀಟಿಗೆ ಹೋದ. ಮುಂದಿನ ಊರಿನಲ್ಲಿ, ಮುಂದಿನ ರಾತ್ರಿ, ಅವನ ಗಾಜನ್ನು ಯಾರಾದರೂ ತಟ್ಟಿ ಕೇಳಿದರೋ ಇಲ್ಲವೋ.